ನಿಲ್ಲದ ಲಾರಿಯ ಹಿಂದೆ

ಬೀದಿದೀಪಗಳು ಇನ್ನೂ ಆರಿಲ್ಲ. ಏರುದಾರಿಯಲ್ಲಿ ಕಸದ ಲಾರಿ ಹೋಗುತ್ತಿದೆ. ಅದರ ಹಿಂದೆ ನಲವತ್ತು ದಾಟಿದ ಹೆಂಗಸೊಬ್ಬರು ಓಡುತ್ತಿದ್ದಾರೆ. ಗೇಟಿನ ಮುಂದಿಟ್ಟ ಚೀಲಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಲಾರಿಯ ಬಾಯಿಗೆ ಎಸೆದು, ಅದೇ ಓಟದಲ್ಲಿ ಮುಂದಿನ ಗೇಟು ಮುಟ್ಟುತ್ತಾರೆ. ಒಂದು ಚೀಲ ಒಡೆದು ಕೊಳೆತ ನೀರು ಮೊಣಕೈವರೆಗೆ ಇಳಿಯುತ್ತದೆ. ಒರೆಸಿಕೊಳ್ಳಲು ಪುರುಸೊತ್ತಿಲ್ಲ.

ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ: "ಜಿಂಕಕ್ಕಾ, ಮುಂದಿನ ಮನೇಲಿ ನಾಯಿ ಬಿಚ್ಚಿದಾರೆ, ಹುಷಾರು!"

"ಬಿಡಣ್ಣಾ, ನನ್ ಜೊತೆ ಓಡಿ ಅದಕ್ಕೇ ಸಾಕಾಗಿದೆ!"

ಲಾರಿ ನಿಲ್ಲುವುದಿಲ್ಲ. ಬ್ರೇಕ್ ಚೆನ್ನಾಗಿಯೇ ಇದೆ, ನಿಲ್ಲಿಸಲು ಅಪ್ಪಣೆ ಇಲ್ಲ. ಕಸ ಎತ್ತುವ ಗುತ್ತಿಗೆ ಹಿಡಿದ ಕಂಪನಿ ಡ್ರೈವರ್ ಸೀಟಿನ ಮುಂದೆ ಕರಿ ಪೆಟ್ಟಿಗೆಯೊಂದನ್ನು ಕೂರಿಸಿದೆ. ಚಕ್ರ ನಿಂತರೆ ಅದು ಕಿರುಚುತ್ತದೆ, ಕಿರುಚಿದ್ದು ಆಫೀಸಿಗೂ ಕೇಳುತ್ತದೆ. ಹಿಂದೆ ಓಡುವವರ ಉಸಿರು ನಿಂತರೆ ಕಿರುಚುವ ಪೆಟ್ಟಿಗೆಯನ್ನು ಯಾರೂ ಕೂರಿಸಿಲ್ಲ.

ಕಸ ಎತ್ತುವ ಹೆಂಗಸೊಬ್ಬರು ಫೋನಿನಲ್ಲಿ ಸಿಗುವ ಓಟದ ಪಾಠವನ್ನು ಪೂರ್ತಿ ಮುಗಿಸಿ, ಈಗ ವೇಗ ಹೆಚ್ಚಿಸಿಕೊಳ್ಳುತ್ತಿದ್ದಾರೆ ಎಂದು ಕೇಳಿದಾಗ ಇದೊಂದು ಸಿಹಿ ಕಥೆ ಅನ್ನಿಸಿತ್ತು. ಆರೋಗ್ಯ, ಹುಮ್ಮಸ್ಸು, ಛಲ, ಹೀಗೆ ವಾರಾಂತ್ಯದ ಪುಟಕ್ಕೆ ಒಪ್ಪುವ ಸಾಮಾನುಗಳೆಲ್ಲ ಇದ್ದವು. ಯಾಕೆ ಓಟ ಕಲಿತಿರಿ ಎಂಬ ಪ್ರಶ್ನೆಗೆ ಅವರು, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡುತ್ತಾರೆ.

"ಲಾರಿ ಹಿಡೀಬೇಕಲ್ಲ."

ಸಿಹಿ ಅಲ್ಲಿಗೆ ಮುಗಿಯುತ್ತದೆ.

ಲಾರಿ ಹಿಡಿಯಲಾಗದವರನ್ನು ಕಂಪನಿ ವಿಂಗಡಣೆ ಶೆಡ್ಡಿಗೆ ಕಳಿಸುತ್ತದೆ. ತಗಡಿನ ಸೂರು, ಕಿಟಕಿ ಇಲ್ಲ. ಗಾಜು, ಪ್ಲಾಸ್ಟಿಕ್ಕು, ಸೂಜಿ, ಸತ್ತ ಇಲಿ ಎಲ್ಲವನ್ನೂ ಕೈಯಲ್ಲೇ ಬೇರೆ ಮಾಡಬೇಕು. ಜಿಂಕಕ್ಕ ಕೆಲಸಕ್ಕೆ ಸೇರಿದ್ದೇ ಆ ಶೆಡ್ಡಿನಲ್ಲಿ. ಧೂಳು ಕುಡಿದು ಕುಡಿದು ಎದೆ ಸೀಟಿ ಊದತೊಡಗಿತು. ಮತ್ತೆ ಆ ಧೂಳಿಗೆ ಹೋದರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ ಮೇಲೆ, ಬೇಡಿಕೊಂಡು ಬಯಲಿನ ಕೆಲಸಕ್ಕೆ, ಲಾರಿಯ ಹಿಂದಕ್ಕೆ ಬಂದರು. ಅಂದರೆ ಅವರ ಪಾಲಿಗೆ ಲಾರಿ ತಪ್ಪಿದರೆ ಉಸಿರು ತಪ್ಪಿದಂತೆ. ಉಸಿರು ಉಳಿಸಿಕೊಳ್ಳಲು ಏದುಸಿರು ಬಿಡುತ್ತ ಓಡಬೇಕು. ಎಂಥ ಏರ್ಪಾಡು!

ಓಟದ ಪಾಠವನ್ನು ಫೋನಿಗೆ ಹಾಕಿಕೊಟ್ಟವರು ನಾದಿನಿ. ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ವ್ಯಾಯಾಮ ಮಾಡಿಸುವುದು ಆಕೆಯ ಕೆಲಸ. ಒಂದೂವರೆ ಕೋಣೆಯ ಮನೆಯಲ್ಲಿ ಅತ್ತಿಗೆ-ನಾದಿನಿ ಒಂದೇ ಚಾಪೆ ಹಂಚಿಕೊಳ್ಳುತ್ತಾರೆ, ಜಗಳವನ್ನೂ ಹಂಚಿಕೊಳ್ಳುತ್ತಾರೆ. ಮೊದಲು ಒಂದಿಷ್ಟು ಓಟ, ಒಂದಿಷ್ಟು ನಡಿಗೆ. ವಾರ ಕಳೆದಂತೆ ನಡಿಗೆ ಕಮ್ಮಿ, ಓಟ ಜಾಸ್ತಿ. ಕೊನೆಗೊಂದು ಸಂಜೆ ಪಾರ್ಕಿನಲ್ಲಿ ಅರ್ಧ ಗಂಟೆ ಎಲ್ಲೂ ನಿಲ್ಲದೆ ಓಡಿದರು. ಫೋನು "ಅಭಿನಂದನೆ" ಎಂದಿತು. ಲಾರಿ ಮಾತ್ರ ಮಾರನೇ ದಿನವೂ ಮುಂದೆಯೇ ಇತ್ತು.

"ನಿಲ್ದೆ ಓಡೋದು ಬಂತು, ಜೋರಾಗಿ ಓಡೋದು ಬರ್ಲಿಲ್ಲ," ಎನ್ನುತ್ತಾರೆ. ಅದಕ್ಕೆ ದಿನವೂ ಸತ್ತೆನೋ ಬದುಕಿದೆನೋ ಎಂಬಂತೆ ಓಡತೊಡಗಿದರು. ಮೊಣಕಾಲ ಕೆಳಗಿನ ಮೂಳೆ ಎಷ್ಟು ನೋಯತೊಡಗಿತೆಂದರೆ ಮೆಟ್ಟಿಲನ್ನು ಕೂತು ಕೂತೇ ಇಳಿಯಬೇಕಾಯಿತು. ನಾದಿನಿ ಆ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿ, ಚೀರಿಸಿ, ಬೈದರು.

"ದಿನಾ ಹೀಗೆ ಓಡಿದ್ರೆ ಕಾಲು ಗಟ್ಟಿ ಆಗೋದು ಯಾವಾಗ ಅತ್ತಿಗೆ? ಜೋರು ವಾರಕ್ಕೊಂದೇ ದಿನ. ಅದೂ ಈ ಕಂಬದಿಂದ ಆ ಕಂಬಕ್ಕೆ, ಆಮೇಲೆ ನಡಿಗೆ, ಮತ್ತೆ ಕಂಬ. ಮಿಕ್ಕ ದಿನ ಮಾತಾಡ್ತಾ ಓಡಿ. ಮಾತು ನಿಂತ್ರೆ ಜೋರಾಯ್ತು ಅಂತ ಅರ್ಥ."

"ಮಾತಾಡ್ತಾ ಓಡಿದ್ರೆ ಮೇಸ್ತ್ರಿ ಬೈಯಲ್ವೇನೇ?"

"ಅಯ್ಯೋ ಅತ್ತಿಗೆ, ಪಾರ್ಕಲ್ಲಿ ಮೇಸ್ತ್ರಿ ಎಲ್ಲಿಂದ ಬರ್ತಾರೆ?"

ಆದರೂ ನಿಧಾನವಾಗಿ ಓಡಿದಾಗಲೆಲ್ಲ ಜಿಂಕಕ್ಕ ಹಿಂದಕ್ಕೆ ತಿರುಗಿ ನೋಡುತ್ತಿದ್ದರಂತೆ. "ನಿಧಾನ ಅಂದ್ರೆ ಕಳ್ಳತನ ಮಾಡ್ದಂಗೆ ಅನ್ಸೋದು," ಎಂದು ನಗುತ್ತಾರೆ. ನಗುವ ಮಾತೇ ಇದು? ಕೆಲಸ ಮುಗಿದ ಮೇಲೂ ಆಳಿನ ಬೆನ್ನು ಬಿಡದ ಕಣ್ಣನ್ನು ಈ ವ್ಯವಸ್ಥೆ ಎಷ್ಟು ಆಳಕ್ಕೆ ನೆಟ್ಟಿದೆ!

ಕಾಲಿಗೆ ಬಿಡುವು ಸಿಕ್ಕಿತು, ವೇಗ ಬಂತು. ಜೊತೆಯವರು ಜಿಂಕಕ್ಕ ಎಂದು ಕರೆಯತೊಡಗಿದ್ದು ಆಗಲೇ. ಅಷ್ಟರಲ್ಲಿ ಕಂಪನಿ 'ಸಾಮರ್ಥ್ಯ ದಿನ' ಎಂಬ ಪರೀಕ್ಷೆಯನ್ನು ಶುರುಮಾಡಿತು. ತಿಂಗಳಿಗೊಮ್ಮೆ ಪ್ರತಿ ಲಾರಿಯ ಜೋಡಿಯೂ ಏರುದಾರಿಯನ್ನು ಎಷ್ಟು ಬೇಗ ಖಾಲಿ ಮಾಡುತ್ತದೆ ಎಂದು ಪೆಟ್ಟಿಗೆ ಅಳೆಯುತ್ತದೆ. ಹಿಂದೆ ಬಿದ್ದ ಜೋಡಿಯಲ್ಲಿ ನಿಧಾನವಾದವರು ಶೆಡ್ಡಿಗೆ.

ಜಿಂಕಕ್ಕನ ಜೋಡಿ ಮಾವ. ನೆಂಟಸ್ತಿಕೆ ಏನೂ ಇಲ್ಲ, ಬಾಯ್ಮಾತಿನ ಮಾವ. ರಸ್ತೆಯ ಎಡಗಡೆ ಈಕೆಯದು, ಬಲಗಡೆ ಆತನದು. ವಯಸ್ಸು ಅರವತ್ತರ ಹತ್ತಿರ, ಒಂದು ಮಂಡಿ ಮಡಚುವುದಿಲ್ಲ. ಪರೀಕ್ಷೆಯ ದಿನ ಜಿಂಕಕ್ಕ ತಮ್ಮ ಕಡೆ ಮುಗಿಸಿ ರಸ್ತೆ ದಾಟಿ, ಮಾವನ ಚೀಲಗಳನ್ನೂ ಎತ್ತಿ ಎಸೆದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕಂಬದಿಂದ ಕಂಬಕ್ಕೆ ಕಲಿತದ್ದೆಲ್ಲವನ್ನೂ ಆ ಒಂದು ಏರಿಗೆ ಸುರಿದರು. ಅವರ ಲಾರಿಯೇ ಮೊದಲು. ಮೇಸ್ತ್ರಿ ಚಪ್ಪಾಳೆ ತಟ್ಟಿದರು. ಮಾವ ಉಳಿದರು ಎಂದು ಈಕೆ ಖುಷಿಯಲ್ಲಿ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಎಲ್ಲ ಲಾರಿಗಳ ಪೆಟ್ಟಿಗೆಯಲ್ಲೂ ಹೊಸ ಹೊತ್ತು ಕೂತಿತ್ತು. ಜಿಂಕಕ್ಕನ ಲಾರಿ ಪರೀಕ್ಷೆಯ ದಿನ ತೆಗೆದುಕೊಂಡ ಹೊತ್ತೇ ಇನ್ನು ಮುಂದೆ ಎಲ್ಲರಿಗೂ, ಎಲ್ಲ ದಿನಕ್ಕೂ ಕಟ್ಟಳೆ.

ಓದಿದ ನಿಮಗೆ ಏನನ್ನಿಸಿತೋ, ಕೇಳಿಸಿಕೊಂಡ ನನ್ನ ಪೆನ್ನು ನಿಂತಿತು. ಒಬ್ಬ ಹೆಣ್ಣುಮಗಳು ಒಬ್ಬ ಮುದುಕನನ್ನು ಉಳಿಸಲು ಪ್ರಾಣ ಒತ್ತೆಯಿಟ್ಟು ಓಡಿದ ಓಟವನ್ನೇ ಚಾಟಿಯಾಗಿ ಹೆಣೆದು ಎಲ್ಲರ ಬೆನ್ನಿಗೂ ಬಾರಿಸುವ ಬುದ್ಧಿ ಯಾವ ಶಾಲೆಯಲ್ಲಿ ಕಲಿತದ್ದು? ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳುವುದು ನಮಗೆ ರೂಢಿ. ಮರೆ ಮಾಡಿದ ಎಲೆ ಯಾರದು ಎಂದು ಕೇಳುವ ರೂಢಿ ಮಾತ್ರ ಇಲ್ಲ.

ದಿನವೂ ಎರಡೂ ಕಡೆ ಓಡಲು ಯಾರಿಂದ ಆದೀತು? ಆ ವಾರದೊಳಗೇ ಮಾವ ಶೆಡ್ಡು ಸೇರಿದರು. ನೋಡಲು ಹೋದ ಜಿಂಕಕ್ಕನಿಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾಜು ಆರಿಸುತ್ತಿದ್ದ ಮಾವ ಕಂಡರು.

"ನಿನ್ ತಪ್ಪಲ್ಲ ಬಿಡಮ್ಮ, ನನಗೋಸ್ಕರ ತಾನೇ ಓಡಿದ್ದು," ಎಂದರಂತೆ ಕೆಮ್ಮುತ್ತ.

"ಬೈದು ಕಳಿಸಿದ್ರೂ ಸಹಿಸ್ಕೋತಿದ್ದೆ," ಎನ್ನುತ್ತಾರೆ ಜಿಂಕಕ್ಕ.

ಲಾರಿ ನಿಲ್ಲಿಸುವ ಅಂಗಳದಲ್ಲಿ ಎಲ್ಲರೂ ಕೈ ತೊಳೆಯುವ ನಲ್ಲಿಯೊಂದಿದೆ. ಮರುದಿನ ಜಿಂಕಕ್ಕ ಅದರ ಕಟ್ಟೆ ಹತ್ತಿ ನಿಂತರು. ಬರುವ ಪರೀಕ್ಷೆಯಲ್ಲಿ ಯಾವ ಜೋಡಿಯೂ ಜೋರಾಗಿ ಓಡಬಾರದು, ಎಲ್ಲರಿಗಿಂತ ಹಿರಿಯರ ಕಾಲು ಎಷ್ಟು ಓಡುತ್ತದೋ ಅಷ್ಟೇ ಎಲ್ಲರೂ ಓಡಬೇಕು ಎಂದರು.

"ಆಮೇಲೆ ಶೆಡ್ಡಿಗೆ ಹೋಗೋರು ನಾವು, ನೀನಾ?" ಎಂದು ಕೆಳಗಿನಿಂದ ಒಬ್ಬಾಕೆ ಕೇಳಿದರು.

"ಒಬ್ಬರು ಹಿಂದೆ ಬಿದ್ರೆ ಒಬ್ಬರನ್ನ ಕಳಿಸ್ತಾರೆ. ಎಲ್ಲರೂ ಬಿದ್ರೆ? ಆ ಹೊಟ್ಟೆ ಹೊತ್ಕೊಂಡು ಮೇಸ್ತ್ರಿ ಓಡ್ತಾರಾ ಲಾರಿ ಹಿಂದೆ?"

ನಗು ಎದ್ದಿತು. ಒಪ್ಪಿಗೆ ಆ ನಗುವಿನಲ್ಲೇ ಬಂತು.

ಪರೀಕ್ಷೆಯ ದಿನ ಜಿಂಕಕ್ಕ ತಮ್ಮನ್ನು ತಾವೇ ಹಿಡಿದುಕೊಂಡು ಓಡಿದರು. "ಕಾಲು ತುರಿಸ್ತಿತ್ತು. ಬಂದಿರೋ ವೇಗಾನ ನುಂಗ್ಕೊಳೋದು ಅಂದ್ರೆ ಹಸ್ಕೊಂಡೋರು ತಟ್ಟೆ ತಳ್ಳಿದ ಹಾಗೆ." ಏರಿನ ತುದಿಯಲ್ಲಿ ಮೇಸ್ತ್ರಿ ಕಾದಿದ್ದರು.

"ಏನು ಜಿಂಕೆ, ಇವತ್ತು ಆಮೆ ಆಯ್ತಾ?"

"ವಯಸ್ಸಾಯ್ತು ಸಾರ್."

"ಒಂದೇ ತಿಂಗಳಿಗಾ?"

"ನಿಮ್ ಲಾರಿ ಹಿಂದೆ ಬೇಗ ಆಗುತ್ತೆ ಸಾರ್."

ಚಕ್ರ ನಿಲ್ಲದಂತೆ ತೆವಳಿ ಬಂದ ಎಲ್ಲ ಲಾರಿಗಳೂ ಅಷ್ಟೇ ತಡ. ಪರೀಕ್ಷೆ ಮುಗಿದ ಮೇಲೂ ಯಾರೂ ಆ ಹೆಜ್ಜೆ ಬದಲಿಸಲಿಲ್ಲ. ಹೊತ್ತು ಮೀರಿದ ಲಾರಿಗಳು ಅರ್ಧ ಬೀದಿ ಬಿಟ್ಟು ಮರಳಿದವು. ಗೇಟುಗಳ ಮುಂದೆ ಚೀಲಗಳು ನಾರತೊಡಗಿದವು. ಆಗ ಮನೆಯೊಳಗಿನವರಿಗೆ ಕಸ ಎತ್ತುವವರು ಇದ್ದಾರೆಂದು ನೆನಪಾಯಿತು; ಕಂಪನಿಯ ಫೋನು ಬಡಿದುಕೊಳ್ಳತೊಡಗಿತು. ವಾರ ತುಂಬುವ ಮೊದಲೇ ಸದ್ದಿಲ್ಲದೆ ಹಳೆಯ ಹೊತ್ತು ಪೆಟ್ಟಿಗೆಗೆ ಮರಳಿತು, ಮಾವ ಲಾರಿಗೆ ಮರಳಿದರು. ಇದನ್ನೆಲ್ಲ ಬರೆದರೆ ನಿಮಗೆ ತೊಂದರೆಯಾಗದೇ ಎಂದರೆ, "ಬರೀರಿ, ಮೇಸ್ತ್ರಿಗೂ ಗೊತ್ತು. ಗೊತ್ತಿದ್ದು ಏನ್ ಮಾಡ್ತಾರೆ?" ಎನ್ನುತ್ತಾರೆ.

ಇದನ್ನು ಗೆಲುವು ಎಂದು ಕರೆದು ಯಾರೂ ಹಾರ ತರಬೇಡಿ. ಲಾರಿ ಈಗಲೂ ನಿಲ್ಲುವುದಿಲ್ಲ. ಶೆಡ್ಡಿಗೆ ಈಗಲೂ ಕಿಟಕಿ ಇಲ್ಲ. ಅಲ್ಲಿ ಉಳಿದವರು ಉಳಿದೇ ಇದ್ದಾರೆ.

ಜಿಂಕಕ್ಕ ಪಾರ್ಕಿನ ಅಭ್ಯಾಸ ಬಿಟ್ಟಿಲ್ಲ, ಕಂಬದಿಂದ ಕಂಬಕ್ಕೆ ವೇಗ ಏರುತ್ತಲೇ ಇದೆ. ಅದನ್ನು ಕೆಲಸದಲ್ಲಿ ತೋರಿಸುವ ಹಾಗಿಲ್ಲ. ಹಾಗಾದರೆ ಈ ವೇಗ ಯಾತಕ್ಕೆ?

ಅವರು ಸ್ವಲ್ಪ ನಾಚಿಕೊಳ್ಳುತ್ತಾರೆ. "ಒಂದು ರಜಾ ದಿನ ಆ ಏರುದಾರೀಲಿ ಬುಡದಿಂದ ತುದಿವರೆಗೂ ಓಡ್ಬೇಕು. ಕೈಯಲ್ಲಿ ಚೀಲ ಇರಬಾರ್ದು, ಮುಂದೆ ಲಾರಿ ಇರಬಾರ್ದು, ಯಾರೂ ಗಡಿಯಾರ ಹಿಡೀಬಾರ್ದು. ನಾನು ಎಷ್ಟು ಜೋರು ಅಂತ ನನಗೊಬ್ಬಳಿಗೆ ಗೊತ್ತಾದ್ರೆ ಸಾಕು."