ಬೀಗರಿಗೆ ಕಂಡ ಕಾಡುಮೇಕೆ

ನಮ್ಮ ಬೀಗರ ಮೂಗಿನ ತುದಿಯಲ್ಲಿ ಚರ್ಮ ಸದಾ ಸುಲಿದಿರುತ್ತಿತ್ತು. ಶನಿವಾರ ಅದು ಹಣ್ಣು ಟೊಮೆಟೊದಂತೆ ಕೆಂಪಾಗಿದ್ದರೆ, ಹಿಂದಿನ ದಿನ ಅವರು ಈ ಅರಬ್ ನಾಡಿನ ಜಬಲ್ ಅಖ್ದರ್ ಬೆಟ್ಟ ಹತ್ತಿದ್ದಾರೆಂದು ತಿಳಿಯಬೇಕು. ಮೂಗಿನ ಕೆಳಗೆ ನಗುವೂ ಇದ್ದರೆ ತಾಹ್ರ್ ಕಂಡಿದೆಯೆಂದು ತಿಳಿಯಬೇಕು. ಆ ನಗುವನ್ನು ನಾನು ವರ್ಷಗಟ್ಟಲೆ ಸಹಿಸಿದ್ದೇನೆ.

ಬೀಗರೆಂದರೆ ನನ್ನ ಸೊಸೆಯ ತಂದೆ. ಕಾಪು ಕಡೆಯವರು, ಮನೆಯಲ್ಲಿ ತುಳು. ನಮ್ಮ ನಗರದ ಅಲ್ ಖುವೈರ್‌ನಲ್ಲಿ ಅವರದೊಂದು ಎ.ಸಿ. ರಿಪೇರಿ ಅಂಗಡಿ ಇತ್ತು. ನಾನು ಬಾಗಲಕೋಟೆಯವನು. ಇಲ್ಲಿಯ ಕಂಪನಿಯೊಂದರಲ್ಲಿ ಪಾಳಿಯ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುತ್ತೇನೆ. ನನ್ನ ಬಸ್ಸು ತಡವಾಗುವುದಿಲ್ಲ. ನನ್ನ ತಿಂಡಿಯೂ ತಡವಾಗುವುದಿಲ್ಲ. ಬೀಗರಾದರೋ ಮಗಳ ಮದುವೆಯ ಮುಹೂರ್ತಕ್ಕೇ ತಡವಾಗಿ ಬಂದ ಮನುಷ್ಯ.

ತಾಹ್ರ್ ಎಂದರೆ ಇಲ್ಲಿಯ ಎತ್ತರದ ಬೆಟ್ಟಗಳ ಕಾಡುಮೇಕೆ, ನೀಲಗಿರಿಯಲ್ಲಿ ವರೆಯಾಡು ಎನ್ನುವ ಬೆಟ್ಟದ ಮೇಕೆಯ ದೂರದ ನೆಂಟ. ಬೇಟೆಗೆ ಸಿಕ್ಕಿ ತೀರಾ ವಿರಳವಾಗಿ, ಈಗ ಸಂರಕ್ಷಿತ ಪ್ರದೇಶದ ಕಾವಲಿನಲ್ಲಿ ಬದುಕಿರುವ ಪ್ರಾಣಿ. ಮನುಷ್ಯನ ಕಾಲು ನಿಲ್ಲದ ಬಂಡೆಗಳ ಮೇಲೆ ಅದರ ವಾಸ. ನೀರು ಕುಡಿಯಲು ಮಾತ್ರ ಕೆಳಗಿಳಿಯುತ್ತದೆ. ಬೀಗರು ಅದನ್ನು ಎಷ್ಟೋ ಸಲ ಕಂಡಿದ್ದರು. ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ನನ್ನ ಹೆಂಡತಿ ಕೈಯ ತುತ್ತು ಮರೆತು ಕೇಳುತ್ತಿದ್ದಳು. ಮೂವತ್ತು ವರ್ಷ ಇದೇ ದೇಶದಲ್ಲಿದ್ದ ನನಗೆ ಹೇಳಲು ಬಸ್ಸಿನ ಸುದ್ದಿ ಬಿಟ್ಟರೆ ಬೇರೇನಿತ್ತು? ನಾನೂ ಅದನ್ನು ಒಮ್ಮೆ ಕಣ್ಣಾರೆ ಕಾಣಲೇಬೇಕೆಂದು ಹಟ ಹಿಡಿದೆ.

ಮೊದಲ ಶುಕ್ರವಾರ ನಸುಕಿನಲ್ಲೇ ಸ್ನಾನ, ಪೂಜೆ ಮುಗಿಸಿ, ರೊಟ್ಟಿಯ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತೆ. ಬೀಗರು ಬಹಳ ಹೊತ್ತಿನ ಮೇಲೆ ಆಕಳಿಸುತ್ತ ಬಂದರು.

"ಏನ್ ಬೀಗರ, ಇದೇನ್ರೀ ನಿಮ್ಮ ಟೈಮು?"

"ಮೇಕೆಯ ಕೈಯಲ್ಲಿ ವಾಚುಂಟಾ ಮಾರಾಯ್ರೆ? ಯಲ್ಲಾ, ಹೊರಡುವ, ಕೂತುಕೊಳ್ಳಿ."

ಬೆಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ನನ್ನ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ; ಬೀಗರಿಗೆ ಕೈಕುಲುಕಿ ಖರ್ಜೂರ ಕೊಟ್ಟ. ಮೇಲೆ ಚಳಿಯಿತ್ತು. ಜುನಿಪರ್ ಮರಗಳ ಕೆಳಗೆ ಬೀಗರು ಚಾಪೆ ಹಾಸಿ ಮಲಗಿಬಿಟ್ಟರು. ನಾನು ದುರ್ಬೀನು ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತೆ. ಎದುರಿನ ಕಣಿವೆಯಲ್ಲಿ ಬಂಡೆ, ಅದರಡಿಯಲ್ಲಿ ಒಂದು ನೀರಿನ ಗುಂಡಿ. ಒಂದು ರಣಹದ್ದು ತೇಲಿಹೋಯಿತು, ಅಷ್ಟೇ. ಎಂಟು ಹೊಡೆಯಿತು. ಎಂಟಕ್ಕೆ ನನ್ನ ರೊಟ್ಟಿ, ರೊಟ್ಟಿಯ ಹಿಂದೆ ಬಿ.ಪಿ. ಗುಳಿಗೆ. ಹಿಂದೆ ಸರಿದು ಸ್ಟೀಲ್ ಡಬ್ಬಿಯ ಮುಚ್ಚಳ ಕಿತ್ತೆ. ಟಣ್ ಎಂದಿತು, ಇಡೀ ಕಣಿವೆ ಅದನ್ನೇ ಮತ್ತೆ ಹೇಳಿತು. ತಿರುಗಿ ನೋಡಿದರೆ ಬೀಗರು ಎದ್ದು ಕೂತು ತಲೆಯ ಮೇಲೆ ಕೈ ಹೊತ್ತಿದ್ದರು.

"ಎರಡು ಬಂದಿತ್ತು ಮಾರಾಯ್ರೆ! ನಿಮ್ಮ ಡಬ್ಬಿಗೆ ಹೆದರಿ ಈಗ ದುಬೈ ಮುಟ್ಟಿರಬಹುದು."

ಸುಳ್ಳೆಂದುಕೊಂಡೆ. ನಿದ್ದೆ ಮಾಡಿದವನಿಗೆ ಕಾಣುವುದು, ಕಣ್ಣು ಬಿಟ್ಟು ಕೂತವನಿಗೆ ಕಾಣದಿರುವುದು, ಇದ್ಯಾವ ನ್ಯಾಯ? ಆದರೆ ಅಷ್ಟರಲ್ಲಿ ಬಂದ ಕಾವಲುಗಾರ, ಗುಂಡಿಯ ಪಕ್ಕದ ಒದ್ದೆ ಗೊರಸಿನ ಗುರುತುಗಳನ್ನು ತೋರಿಸಿ, "ಅಭೀ ಗಯಾ, ಬಾಬಾ" ಎಂದ. ಬೀಗರ ಮಾತು ಸುಳ್ಳಾಗಿದ್ದರೆ ನನಗೆ ಅಂದು ಎಷ್ಟೋ ಸಮಾಧಾನವಾಗುತ್ತಿತ್ತು.

ಆಮೇಲೂ ಹೋದೆವು. ಪ್ರತಿ ಸಲವೂ ನನ್ನ ತಿಂಡಿಯ ಹೊತ್ತಿಗೇ ಅದು ಬರುತ್ತಿತ್ತು. "ತಿಂಡಿ ಸ್ವಲ್ಪ ತಡ ಮಾಡಿದರೆ ಆಕಾಶ ಬೀಳ್ತದಾ?" ಎಂದು ಬೀಗರು ಕೇಳಿದರೆ, "ಒಮ್ಮೆ ತಡ ಮಾಡಿದವಗ ದಿನಾ ತಡ ಆಗ್ತೈತ್ರಿ" ಎನ್ನುತ್ತಿದ್ದೆ. ಮನೆಗೆ ಬಂದರೆ ಹೆಂಡತಿ ನೇರವಾಗಿ ಬೀಗರನ್ನೇ ಕೇಳುತ್ತಿದ್ದಳು: "ಕಾಣ್ತೇನ್ರೀ ಅಣ್ಣಾರ?" ನನ್ನನ್ನು ಕೇಳುವುದನ್ನು ಬಿಟ್ಟೇಬಿಟ್ಟಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಬೀಗರ ಹೃದಯ ತೊಂದರೆ ಕೊಟ್ಟಿತು. ಅಂಗಡಿಯನ್ನು ಕಫೀಲನಿಗೆ, ಎಂದರೆ ಅದರ ಲೈಸೆನ್ಸು ಯಾರ ಹೆಸರಿನಲ್ಲಿತ್ತೋ ಆ ಅರಬನಿಗೆ, ಒಪ್ಪಿಸಿ ಊರಿಗೆ ಹೊರಟರು. ಹೊರಡುವ ಮುಂಚಿನ ಶುಕ್ರವಾರ, ಬೆಟ್ಟ ನೋಡಿಯೇ ಹೋಗುತ್ತೇನೆಂದು ಹಟ ಮಾಡಿದರು. ಗಾಡಿ ನಾನು ಓಡಿಸಿದೆ. ಜುನಿಪರ್ ಮರಗಳವರೆಗೆ ನಡೆಯಲು ಅವರ ಉಸಿರು ಸಾಲಲಿಲ್ಲ. ಸೀಟಿನಲ್ಲೇ ಒರಗಿ ಕೈ ಚಾಚಿದರು. "ಡಬ್ಬಿ ಇಲ್ಲಿಡಿ. ವಾಚೂ ಬಿಚ್ಚಿಕೊಡಿ. ಇವತ್ತು ನಿಮ್ಮ ಎಂಟು ಗಂಟೆ ನನ್ನ ಹತ್ರ ಇರಲಿ."

ಒಬ್ಬನೇ ಹೋಗಿ ಕೂತೆ. ಗಂಟೆ ಎಷ್ಟಾಯಿತೋ ತಿಳಿಯಲಿಲ್ಲ; ಹೊಟ್ಟೆ ಮಾತ್ರ ಕೂಗುತ್ತಿತ್ತು. ಆಗ ಬಂಡೆಯ ಬಣ್ಣವೇ ಅಲುಗಾಡಿದಂತಾಯಿತು. ಕೆಂಗಂದು ಮೈ, ಹಿಂದಕ್ಕೆ ಬಾಗಿದ ಕೊಂಬು, ಹಿಂದೆಯೇ ಅಂಗೈಯಷ್ಟು ಜಾಗದಲ್ಲಿ ನಾಲ್ಕೂ ಕಾಲು ಕೂಡಿಸಿ ನಿಂತ ಮರಿ. ತಾಯಿ ನೀರಿಗೆ ಬಾಯಿಟ್ಟಿತು, ತಲೆಯೆತ್ತಿ ನನ್ನನ್ನೇ ನೋಡಿತು, ಮತ್ತೆ ಕುಡಿಯಿತು.

ಗಾಡಿಗೆ ಬಂದಾಗ ಬೀಗರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಬಂತಾ?"

"ಬಂತ್ರಿ. ಮರಿ ಸಮೇತ."

"ಮರಿಯಾ?" ಅವರ ಮುಖ ಬಾಡಿತು. "ಇಷ್ಟು ವರ್ಷದಲ್ಲಿ ನಾನು ಮರಿ ನೋಡಲೇ ಇಲ್ಲ. ನನಗೆ ಹೊಟ್ಟೆ ಉರೀತಾ ಉಂಟು ಬೀಗರೇ, ನಿಜವಾಗಿ ಉರೀತಾ ಉಂಟು!" ಹೇಳುತ್ತ ಹೇಳುತ್ತ ನಕ್ಕರು. ನನ್ನ ಡಬ್ಬಿ ತೆಗೆದು ನನಗಿಂತ ಮೊದಲು ತಾವೇ ರೊಟ್ಟಿ ಮುರಿದರು. ಇಷ್ಟು ವರ್ಷ ನಾನು ಬಾಯಿಬಿಡದೆ ಇಟ್ಟುಕೊಂಡಿದ್ದನ್ನು ಅವರು ಒಂದು ತುತ್ತಿನೊಳಗೆ ಹೇಳಿ ಮುಗಿಸಿದ್ದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಅವರು ಊರಿಗೆ ಹೋದ ಮೇಲೂ ನಾನು ಬೆಟ್ಟಕ್ಕೆ ಹೋಗುವುದನ್ನು ಬಿಡಲಿಲ್ಲ. ಶುಕ್ರವಾರ ಸಂಜೆ ಅವರ ಫೋನು ತಪ್ಪದೆ ಬರುತ್ತಿತ್ತು. ಒಮ್ಮೆ ಹೇಳಿದೆ: "ಇವತ್ತ ಮೂರು ಬಂದಿದ್ದುವ್ರಿ. ದೊಡ್ಡ ಗಂಡೊಂದು, ಕುತ್ತಿಗಿ ತುಂಬ ಕೂದಲಾ."

"ಗಂಡಾ? ಖಲಾಸ್! ಇನ್ನು ನಿಮ್ಮ ಹತ್ರ ನನಗೆ ಮಾತಿಲ್ಲ. ಫೋನ್ ಇಡಿ." ಫೋನಿಟ್ಟ ಸದ್ದಿಗಿಂತ ಮೊದಲು ಅವರ ನಗು ಕೇಳಿಸಿತು.

ಅದೇ ವಾರ ಬೀಗರು ತೀರಿಕೊಂಡರು. ಮೊನ್ನೆ ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಎರಡು ಮೇಕೆಗಳು ನೀರಿಗೆ ಇಳಿದವು, ಬಹಳ ಹೊತ್ತು ನಿಂತವು. ಚೆನ್ನಾಗಿಯೇ ಕಂಡವು. ಆದರೆ ನನಗೆ ಕಂಡಿತೆಂದು ಹೊಟ್ಟೆ ಉರಿದುಕೊಳ್ಳುವವರು ಈಗ ಯಾರೂ ಇಲ್ಲ. ಕಂಡದ್ದು ಅರ್ಧವೇ ಕಂಡಂತಾಯಿತು.