ನಾಲ್ಕನೇ ಪಾಠ

ಹೊಲಿಗೆ ಒಂದೆಳೆ ವಾರೆಯಾದರೂ ಇಡೀ ಅಂಚನ್ನೇ ಬಿಚ್ಚಿ ಮೊದಲಿಂದ ಹೊಲಿಯುವವಳು ನಮ್ಮ ಟೈಲರಮ್ಮ. ಗಿರಾಕಿಗಳಿಗೆ ಅದು ಶಿಸ್ತು. ಮೆಷಿನ್ ಕಲಿಯಲು ಪಕ್ಕದಲ್ಲಿ ಕೂರುವ ನಾದಿನಿಗೆ ತಮಾಷೆ. "ನಮ್ಮತ್ತಿಗೆ ಹೊಲಿಯೋದಕ್ಕಿಂತ ಬಿಚ್ಚೋದೇ ಜಾಸ್ತಿ" ಎಂದು ಮನೆಗೆ ಬಂದವರಿಗೆಲ್ಲ ಸಾರುತ್ತಾಳೆ. ಕೆಟ್ಟವಳಲ್ಲ, ಬಾಯಿಗೆ ಬೀಗವಿಲ್ಲ ಅಷ್ಟೆ.

ಆ ಬಾಯಿಗೆ ಹೆದರಿಯೇ ಟೈಲರಮ್ಮ ಮನೆಯೊಳಗೂ ತಲೆಗೆ ಸ್ಕಾರ್ಫ್ ಕಟ್ಟುವುದು. ಬಲಗಿವಿಯ ಮೇಲೆ ಅಂಗೈಯಗಲ ಬೋಳು. ತಾನಾಗಿ ಉದುರಿದ್ದಲ್ಲ, ಅವಳೇ ಕಿತ್ತದ್ದು. ಚಿಕ್ಕಂದಿನಲ್ಲಿ ಅಂಟಿದ ಚಾಳಿ. ದಾರ ಬಿಚ್ಚುವ ಬೆರಳುಗಳು ಖಾಲಿಯಾದರೆ ಸಾಕು, ಕೂದಲು ಹುಡುಕುತ್ತವೆ. ಗಂಡನೆದುರಿಗೂ ದೀಪ ಆರಿದ ಮೇಲೆಯೇ ಸ್ಕಾರ್ಫ್ ಬಿಚ್ಚುವುದು. ಆ ಮಹರಾಯ ಅದನ್ನು ನಾಚಿಕೆ ಎಂದುಕೊಂಡಿದ್ದಾನೆ!

ಈ ಚಾಳಿ ಬಿಡಿಸಲೂ ಫೋನಿನಲ್ಲಿ ಪಾಠಗಳಿವೆ ಎಂದು ಗೊತ್ತಾದ ದಿನ ಅವಳಿಗೆ ಅಳು ಬಂದಿತ್ತು. ಕೂದಲು ಕೀಳುವವರು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವವರು, ತನ್ನಂಥವರು ಎಷ್ಟೊಂದು ಜನ! ಮೊದಲ ಪಾಠ: ಕೈ ಯಾವಾಗ ಮೇಲೇರುತ್ತದೆ, ಗಮನಿಸು. ಎರಡನೆಯದು: ಬೆರಳಿಗೆ ಅಡ್ಡಿ ಹಾಕು. ಸೂಜಿ ಚುಚ್ಚದಂತೆ ತೊಡುವ ಲೋಹದ ಟೊಪ್ಪಿಗಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ತೊಟ್ಟಳು. ಮೂರನೆಯದು: ಕೀಳಬೇಕೆನಿಸಿದಾಗ ಮುಷ್ಟಿ ಬಿಗಿದು ಸ್ವಲ್ಪ ತಾಳು. ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ದಿನ ಕೈ ತಪ್ಪುತ್ತಿತ್ತು. ಅವಳು ಮುಗಿಸಿದ ಪಾಠಗಳ ಗುರುತನ್ನೆಲ್ಲ ಅಳಿಸಿ ಮತ್ತೆ ಮೊದಲ ಪಾಠಕ್ಕೆ ಬರುತ್ತಿದ್ದಳು. ತಪ್ಪಿದರೆ ಬಿಚ್ಚು, ಮೊದಲಿಂದ ಹೊಲಿ, ಟೈಲರ್ ಬುದ್ಧಿ. ನಿಂತಲ್ಲಿಂದಲೇ ಮುಂದುವರಿಯಿರಿ ಎಂದು ಪಾಠದಲ್ಲೇ ಇತ್ತು. ಓದಿದ್ದಳು, ನಂಬಿರಲಿಲ್ಲ. ನಾಲ್ಕನೆಯದನ್ನು ಒಮ್ಮೆ ಇಣುಕಿದ್ದಳು: ಮನೆಯ ಒಬ್ಬರಿಗೆ ತೋರಿಸಿ. ಕೂಡಲೇ ಫೋನ್ ಮುಚ್ಚಿಟ್ಟಿದ್ದಳು.

ಅವತ್ತು ಸಂಜೆಯೊಳಗೆ ಬಿಳಿ ಕೋಟೊಂದನ್ನು ಮುಗಿಸಿಕೊಡಬೇಕಿತ್ತು. ದಾರ ಪೋಣಿಸಲು ಟೊಪ್ಪಿ ತೆಗೆದವಳು ಮತ್ತೆ ತೊಡಲು ಮರೆತಳು. ಅರಿವಾದಾಗ ಬೆರಳು ಸ್ಕಾರ್ಫಿನೊಳಗಿತ್ತು, ಬಿಳಿ ಬಟ್ಟೆಯ ಮೇಲೆ ಕೂದಲು ಬಿದ್ದಿತ್ತು. ನಾದಿನಿ ನೋಡಿದಳೇ? ಕೂದಲು ಕೊಡವಿ, ಮೇಜಿನ ಕೆಳಗೆ ಫೋನ್ ಹಿಡಿದು, ಮುಗಿಸಿದ ಗುರುತುಗಳನ್ನೆಲ್ಲ ಮತ್ತೆ ಅಳಿಸಲು ಹೊರಟಳು.

"ಅಯ್ಯೋ, ದಾರ ಕಡೀತು!" ನಾದಿನಿಯ ದಿಂಬಿನ ಕವರು ಅರ್ಧಕ್ಕೇ ನಿಂತಿತ್ತು. "ನಿಮ್ ಥರಾನೇ ಪೂರ್ತಿ ಬಿಚ್ತೀನಿ ಅತ್ತಿಗೆ."

"ಬೇಡ ಕಣೇ. ಬಿಚ್ಚಿ ಬಿಚ್ಚಿ ಬಟ್ಟೆ ಜಾಳಾಗಿದೆ ನೋಡು. ಕಡಿದ ಕಡೆಯಿಂದ ಒಂಚೂರು ಹಿಂದಕ್ಕೆ ಬಂದು ಮುಂದೆ ಹೊಲಿ. ಹಿಂದಿನದು ಹಾಗೇ ಇರ್ಲಿ."

"ಮತ್ತೆ ನೀವ್ಯಾಕೆ ಯಾವಾಗ್ಲೂ ಪೂರ್ತಿ ಬಿಚ್ಚೋದು?"

ಉತ್ತರ ಹೊಳೆಯಿತು. ಮೊದಲ ಪಾಠಕ್ಕೆ ಓಡಿದಷ್ಟು ಸಲವೂ ಅವಳು ನಾಲ್ಕನೆಯದರಿಂದ ತಪ್ಪಿಸಿಕೊಂಡಿದ್ದಳು. ಫೋನನ್ನು ಬೋರಲು ಹಾಕಿದಳು. ಇವಳು ನಕ್ಕುಬಿಟ್ಟರೆ? ಬೀದಿಗೆಲ್ಲ ಸಾರಿಬಿಟ್ಟರೆ? ಆದರೂ ಸ್ಕಾರ್ಫಿನ ಗಂಟು ಎಳೆದಳು.

ನಾದಿನಿ ನೋಡಿದಳು. ಎದ್ದುಹೋಗಿ ಬೀದಿಬಾಗಿಲ ಚಿಲಕ ಹಾಕಿ ಬಂದಳು.

"ನೋಯುತ್ತಾ ಅತ್ತಿಗೆ?"

"ಇಲ್ಲ. ನಾನೇ ಕಿತ್ಕೊಳ್ಳೋದು ಕಣೇ" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ನಾದಿನಿ ಮೇಜಿನ ಮೇಲಿದ್ದ ಟೊಪ್ಪಿಗಳನ್ನೆತ್ತಿ ತಿರುಗಿಸಿ ನೋಡಿದಳು. "ಇದಕ್ಕೇನಾ ಇವು?" ಎಂದು ಅತ್ತಿಗೆಯ ಬೆರಳಿಗೆ ತಾನೇ ತೊಡಿಸಿದಳು. "ಕೋಟು ಮುಗಿಸಿ. ನೀವು ಕೈ ಎತ್ತಿದ್ರೆ ನಾನು ಕೆಮ್ತೀನಿ."