ಅತ್ತೆಯಿಲ್ಲದ ಒಂಬತ್ತು ಮುಖಗಳು

ಫ್ಲೆಕ್ಸಿಗೆ ಗಂಡಸಿನ ಮುಖ ಬೇಕೆಂದರೆ ಶಿಕಾರಿಪುರದಲ್ಲಿ ಬರವಿಲ್ಲ. ಬೇಡವೆಂದರೂ ಬರುತ್ತವೆ. ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಬೆಳಿಗ್ಗೆ ಷಟರ್ ಎತ್ತುವಷ್ಟರಲ್ಲಿ ವಾಟ್ಸಾಪಿನಲ್ಲಿ ನಾಲ್ಕಾರು ಮುಖಗಳು ಬಂದು ಕೂತಿರುತ್ತವೆ. ಕಪ್ಪು ಕನ್ನಡಕದ ಮುಖ, ಕಿವಿಗೆ ಫೋನ್ ಒತ್ತಿಕೊಂಡು ಎತ್ತಲೋ ನೋಡುವ ಮುಖ, ಯಾರಿಗೋ ಬೈದು ಬಂದಂತಿರುವ ಮುಖ. ಒಬ್ಬನ ಹುಟ್ಟುಹಬ್ಬ, ಇನ್ನೊಬ್ಬನ ಹೊಸ ಟ್ರ್ಯಾಕ್ಟರ್, ಏನಾದರೂ ಒಂದು ನೆಪ. ಮೇಲೆ ದೊಡ್ಡದಾಗಿ ಅವನು, ಕೆಳಗೆ ಸಾಲಾಗಿ ಶುಭ ಕೋರುವವರು. ನಮ್ಮ ಕಡೆ ಆ ಕೆಳಗಿನ ಸಾಲೇ ಮುಖ್ಯ. ಮೇಲಿನವನನ್ನು ಯಾರೂ ನೋಡುವುದಿಲ್ಲ. ಕೆಳಗೆ ಯಾರ್ಯಾರಿದ್ದಾರೆ, ಯಾರ್ಯಾರಿಲ್ಲ ಅಂತ ನೋಡುತ್ತಾರೆ. ಸಾಲು ಖಾಲಿ ಇದ್ದರೆ ಅವನ ಹಿಂದೆ ನರಪಿಳ್ಳೆಯೂ ಇಲ್ಲ ಅಂತ ಅರ್ಥ, ಮುಗಿಯಿತು.

ಹೆಂಗಸಿನ ಮುಖ ಮಾತ್ರ ಸಿಗುವುದಿಲ್ಲ. ಸತ್ತರೆ ಸಿಗುತ್ತದೆ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಅವಳ ಫೋಟೊವನ್ನು ಮನೆಮಂದಿಯೆಲ್ಲ ಸೇರಿ ಹುಡುಕಿ ತಂದುಕೊಡುತ್ತಾರೆ, ಸೀರೆಯ ಬಣ್ಣ ಕೂಡ ಬದಲಾಯಿಸಿ ಅನ್ನುತ್ತಾರೆ. ಬದುಕಿದ್ದಾಗ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ, ತೊಗರ್ಸಿ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಎಮ್ಮೆ ಕಟ್ಟಿದ್ದಾಳೆ, ಎರಡು ಹೊತ್ತೂ ತಾನೇ ಕರೆದು ತಾನೇ ಡೇರಿಗೆ ಹಾಕುತ್ತಾಳೆ. ಆ ಊರಿನ ಹಾಲಿನ ಸಂಘಕ್ಕೆ ಚುನಾವಣೆ ಬಂತು. ಹೆಂಗಸರಿಗೆ ಮೀಸಲಾದ ನಿರ್ದೇಶಕರ ಸ್ಥಾನಕ್ಕೆ ಇವಳು ನಿಂತಳು. ಹಿಂದಿನ ಸಲ ಅಲ್ಲಿ ಗೆದ್ದವಳು ತನ್ನ ಕುರ್ಚಿಯ ಬಣ್ಣ ಯಾವುದೆಂದೇ ನೋಡಲಿಲ್ಲ. ಮೀಟಿಂಗಿಗೆ ಗಂಡ ಹೋಗಿ ಕೂರುತ್ತಿದ್ದ. ಅವಳು ಒಲೆಯ ಮುಂದೆ ಕೂತಲ್ಲೇ ರುಜು ಹಾಕುತ್ತಿದ್ದಳು. ಅದಕ್ಕೇ ನನ್ನ ನಾದಿನಿಗೆ ಒಂದೇ ಹಟ.

"ಅತ್ತಿಗೆ, ಸೋತ್ರ ಸೋಲ್ತೀನಿ, ಚಿಂತಿಲ್ಲ. ಗೆದ್ರ ಮಾತ್ರ ಆ ಕುರ್ಚಿ ಮ್ಯಾಲೆ ನಾನ ಕುಂದ್ರಬೇಕು. ಇವ್ರಲ್ಲ."

ಇವರು ಅಂದರೆ ಅವಳ ಗಂಡ. ಕೆಟ್ಟವನಲ್ಲ, ಪಾಪ. ಆದರೆ ಹೆಂಡತಿ ನಾಮಪತ್ರ ಹಾಕಿದ ದಿನವೇ ಎರಡು ಬಿಳಿ ಅಂಗಿ ಹೊಲಿಯಲು ಕೊಟ್ಟಿದ್ದ.

ಫ್ಲೆಕ್ಸ್ ಮಾಡಿಸಲು ಇಬ್ಬರೂ ನನ್ನ ಅಂಗಡಿಗೆ ಬಂದರು. ಅವನ ಫೋನಿನಲ್ಲಿ ಅವನ ಫೋಟೊ ರೆಡಿ ಇತ್ತು. ಹೆಂಡತಿಯ ಪಕ್ಕದಲ್ಲಿ, ಅವಳಿಗಿಂತ ಒಂದು ಕೈ ಮುಂದೆ ಇರಬೇಕಂತೆ. ಕೆಳಗಿನ ಸಾಲಿಗೆ ದಿನಾ ಅವನ ಜೊತೆ ಕಟ್ಟೆಯ ಮೇಲೆ ಇಸ್ಪೀಟ್ ಆಡುವ ಗೆಳೆಯರು. ನಾದಿನಿ ಫೋನನ್ನು ಕಸಿದು ಮೇಜಿನ ಮೇಲೆ ಬೋರಲು ಹಾಕಿದಳು. ತನ್ನ ಫ್ಲೆಕ್ಸಿನಲ್ಲಿ ಒಂದು ಮೀಸೆಯೂ ಇರಬಾರದು, ಕೆಳಗಿನ ಸಾಲಿನ ಒಂಬತ್ತು ಜಾಗದಲ್ಲೂ ಊರಿನ ಹೆಂಗಸರೇ ಇರಬೇಕು ಅಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮೂರ ಹೆಂಗಸ್ರು ಮುಖ ಕೊಡ್ತಾರೇನು? ಕೊಟ್ರ ಹಾಕ್ಕೊ, ನಾ ಬ್ಯಾಡ ಅನ್ನಂಗಿಲ್ಲ. ಮೀಟಿಂಗಿಗೂ ನೀನ ಹೋಗು. ಕೊಡ್ಲಿಲ್ಲ ಅಂದ್ರ ನಾನು, ನಮ್ಮ ಹುಡುಗ್ರು. ಅಷ್ಟ."

ಅಲ್ಲಿಗೆ ಕುರ್ಚಿ ಯಾರದ್ದು ಅನ್ನುವುದು ಆ ಕೆಳಗಿನ ಸಾಲಿಗೆ ಬಂದು ನಿಂತಿತು.

ಮುಂದಿನ ಭಾನುವಾರ ನಾನೂ ನಾದಿನಿಯೂ ಮನೆಮನೆ ತಿರುಗಿದೆವು. ಎಲ್ಲ ಕಡೆ ಚಹಾ ಕೊಟ್ಟರು, ಮಂಡಕ್ಕಿ ಕೊಟ್ಟರು, ಓಟು ನಿನಗೇ ಅಂತ ಎದೆ ಮುಟ್ಟಿ ಹೇಳಿದರು. ಮುಖ ಅಂದ ಕೂಡಲೇ ಸೆರಗು ಎಳೆದುಕೊಂಡರು. ಒಬ್ಬಳಿಗೆ ಅತ್ತೆ ಬೈತಾಳೆ, ಇನ್ನೊಬ್ಬಳಿಗೆ ಗಂಡ ಊರಲ್ಲಿಲ್ಲ, ಮತ್ತೊಬ್ಬಳಿಗೆ ಹೊಸ ಬೀಗರು ಏನು ತಿಳಕೊಳ್ತಾರೋ ಅನ್ನುವ ಚಿಂತೆ. ಊರಿನ ಕೊನೆಯಲ್ಲಿ ಕುರಿ ಸಾಕುವ ಮನೆಯ ಅಜ್ಜಿ ಇದ್ದಾಳೆ. ಅವಳ ಮಾತು ಆ ಊರಿನ ಹೆಂಗಸರಿಗೆಲ್ಲ ವೇದವಾಕ್ಯ. ಅವಳು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ ಅಂತ ಅಲ್ಲಿಗೆ ಹೋದೆವು. ಅಜ್ಜಿ ಎಲೆ ಅಡಿಕೆ ಕುಟ್ಟುತ್ತ ಕೇಳಿದಳು:

"ಇಲೆಕ್ಸನ್ ಮುಗದ ಮ್ಯಾಲೆ ಆ ಫ್ಲೆಕ್ಸ್ ಎಲ್ಲಿಗೆ ಹೋಗ್ತೈತಿ?"

ಉತ್ತರ ಅವಳಿಗೂ ಗೊತ್ತಿತ್ತು, ನಮಗೂ. ಕೊಟ್ಟಿಗೆಯ ಮಾಡಿಗೆ, ಹುಲ್ಲಿನ ಬಣವೆಗೆ, ಬಚ್ಚಲಿನ ಮರೆಗೆ. ನಮ್ಮ ಕಡೆ ಯಾವ ಫ್ಲೆಕ್ಸೂ ಕಸಕ್ಕೆ ಹೋಗುವುದಿಲ್ಲ.

"ನನ್ನ ಮಾರಿ ಮ್ಯಾಲೆ ಕೋಳಿ ಹತ್ತಿ ಕುಂದ್ರಬೇಕೇನು? ಹೋಗ್ರಿ ಹೋಗ್ರಿ, ಮಾಡಾಕ ಕೆಲಸಿಲ್ಲ ನಿಮಗ."

ನನ್ನನ್ನು ಬಸ್ಸು ಹತ್ತಿಸಲು ಬಂದಾಗ ನಾದಿನಿ, "ಹೋಗ್ಲಿ ಬಿಡು ಅತ್ತಿಗೆ, ಅವ್ರ ಹುಡುಗ್ರದ್ದ ಹಾಕು" ಅಂದಳು. ಕಣ್ಣು ಕೆಂಪಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತವರು ಸೊರಬ ತಾಲ್ಲೂಕಿನ ಹೊಸಬಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ಶಿಕಾರಿಪುರದ ಮಾತು ನನ್ನ ಬಾಯಿಗೆ ಕೂತಿಲ್ಲ. ಸಿಟ್ಟು ಬಂದರಂತೂ ಸೊರಬವೇ ಹೊರಗೆ ಬರುತ್ತದೆ.

"ಎಂತ ಹೋಗ್ಲಿ ಮಾರಾಯ್ತಿ? ಒಂಬತ್ತು ಹೆಂಗಸ್ರು ಬೇಕು ತಾನೆ? ನಾ ಕೊಡ್ತೆ, ನೀ ಸುಮ್ನಿರು."

ಟ್ಯೂಷನ್ ಕ್ಲಾಸಿನ ಕರಪತ್ರ, ಹೊಲಿಗೆ ತರಬೇತಿಯ ಬೋರ್ಡು, ಇಂಥವಕ್ಕೆಲ್ಲ ನಾನು ಮುಖ ತೆಗೆದುಕೊಳ್ಳುವ ಒಂದು ವೆಬ್‌ಸೈಟ್ ಇದೆ. ಎಐ ತಯಾರಿಸಿದ ಮುಖಗಳು. ಪುಕ್ಕಟೆ. ಯಾರ ಅಪ್ಪಣೆಯೂ ಬೇಡ, ಏಕೆಂದರೆ ಆ ಮುಖದವರು ಎಲ್ಲೂ ಹುಟ್ಟಿಲ್ಲ. ವಯಸ್ಸು ಆರಿಸಬಹುದು, ಬಣ್ಣ ಆರಿಸಬಹುದು, ಎಷ್ಟು ನಗಬೇಕು ಅನ್ನುವುದನ್ನೂ ಹೇಳಬಹುದು. ಬಡ್ಡಿಮಕ್ಕಳು ಎಂಥ ಚೆಂದ ಅಂತೀರಿ! ಒಂದಕ್ಕೂ ಬಿಸಿಲು ಬಡಿದಿಲ್ಲ, ಹುಲ್ಲಿನ ಹೊರೆ ಹೊತ್ತ ಕತ್ತು ಒಂದೂ ಇಲ್ಲ. ನಾನು ಕೂತು ಅವರನ್ನು ನಮ್ಮೂರಿನವರನ್ನಾಗಿ ಮಾಡಿದೆ. ಬಣ್ಣ ಸ್ವಲ್ಪ ಇಳಿಸಿದೆ, ತಲೆಗೆ ಎಣ್ಣೆ ಹಚ್ಚಿದೆ, ಹಣೆಗೆ ಕೆಲವರಿಗೆ ವಿಭೂತಿ, ಎಲ್ಲರಿಗೂ ಕುಂಕುಮ. ಮದುವೆ ಆಲ್ಬಮ್ಮಿನ ಕೆಲಸಕ್ಕೆ ಇಟ್ಟುಕೊಂಡಿದ್ದ ತಾಳಿಸರಗಳನ್ನು ತೆಗೆದು ಒಬ್ಬೊಬ್ಬರ ಕೊರಳಿಗೆ ಕಟ್ಟಿದೆ. ಒಂದು ಮಧ್ಯಾಹ್ನದಲ್ಲಿ ಒಂಬತ್ತು ಮದುವೆ ಮಾಡಿದ ಪುಣ್ಯ ನನ್ನದು. ನಾಲ್ಕನೆಯವಳಿಗೆ ಒಂದು ಕಿವಿಯಲ್ಲಿ ಜುಮುಕಿ, ಇನ್ನೊಂದರಲ್ಲಿ ಎಂಥದೋ ಹಸಿರು ಹರಳು ಬಂದಿತ್ತು. ಎಐ ಕಿವಿಯಲ್ಲಿ ಯಾವಾಗಲೂ ಎಡವುತ್ತದೆ. ಊಟದ ಹೊತ್ತಾಗಿತ್ತು, ಇರಲಿ ಅಂತ ಬಿಟ್ಟೆ.

ನಾದಿನಿ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಯವ್ವಾ! ಯಾರು ಇವ್ರೆಲ್ಲಾ? ಹೆಂಗ ಒಪ್ಪಿದ್ರು?"

"ಇವರಿಗೆ ಅತ್ತೆ ಇಲ್ಲೆ ಮಾರಾಯ್ತಿ, ಗಂಡನೂ ಇಲ್ಲೆ. ಅದ್ಕೇ ಒಪ್ಪಿದ್ರು" ಅಂದೆ. ವಿಷಯ ತಿಳಿಸಿದಾಗ ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು.

ಡೇರಿಯ ಎದುರಿಗೆ ಫ್ಲೆಕ್ಸ್ ಏರಿತು. ಅವಳ ಗಂಡ ನೋಡಿದ, ತಲೆ ಕೆರೆದುಕೊಂಡ. ಯಾರಿವರು ಅಂತ ಕೇಳಿದರೆ ಹೆಂಡತಿಯ ಹಿಂದೆ ಇಷ್ಟು ಜನ ಇರುವುದು ತನಗೇ ಗೊತ್ತಿಲ್ಲ ಅಂದಹಾಗಾಗುತ್ತದೆ. ಕೇಳಲಿಲ್ಲ.

ನಮ್ಮ ಕಡೆ ಹೊಸ ಮುಖ ಕಂಡರೆ ಹೆಸರು ಕೇಳುವುದಿಲ್ಲ. "ಯಾರ ಪೈಕಿ?" ಅಂತ ಕೇಳುತ್ತಾರೆ. ಯಾವ ಮನೆ, ಯಾರ ಸೊಸೆ, ಯಾರ ಬಳಗ ಅಂತ ಗೊತ್ತಾಗುವವರೆಗೆ ಯಾರಿಗೂ ಹಾಲಿನ ಕ್ಯಾನು ಎತ್ತಲು ಮನಸ್ಸಾಗುವುದಿಲ್ಲ. ಗೊತ್ತಿಲ್ಲ ಅನ್ನುವುದಂತೂ ದೊಡ್ಡ ಅವಮಾನ. ಹೀಗಾಗಿ ಸಂಜೆಯ ಹಾಲು ಮುಗಿಯುವಷ್ಟರಲ್ಲಿ ಒಂಬತ್ತು ಮುಖಗಳಿಗೂ ಮನೆ ಸಿಕ್ಕಿತು. ಮೊದಲನೆಯವಳು ಈಸೂರಿನಿಂದ ತಂದ ಸೊಸೆ, ಬಹಳ ಗಟ್ಟಿ ಹೆಂಗಸು. ಎರಡನೆಯವಳ ಅಪ್ಪ ಇಂಥ ಕೇರಿಯವನು, ಆ ಮೂಗು ನೋಡಿದರೇ ಗೊತ್ತಾಗುವುದಿಲ್ಲವೇ? ಐದನೆಯವಳು ಗಂಡನನ್ನು ಬಿಟ್ಟು ಬಂದವಳು ಅಂತಲೂ ಒಬ್ಬ ಹೇಳಿದ. ನಾನು ಕಟ್ಟಿದ ತಾಳಿ ಅಷ್ಟು ಬೇಗ ಮುರಿದುಬಿತ್ತು! ಏಳನೆಯವಳು ಹೊಸಬಾಳೆಯವಳು, ನಿಮ್ಮೂರಿನವಳೇ ಅಲ್ಲವೇನ್ರೀ ಅಂತ ನನ್ನನ್ನೇ ಸಾಕ್ಷಿಗೆ ಎಳೆದರು. "ನಮ್ಮೂರಲ್ಲಿ ಅಂಥೋರು ಬೇಕಾದಷ್ಟು ಇದಾರೆ" ಅಂದೆ. ಸುಳ್ಳೇನಲ್ಲ.

ನಾದಿನಿಯ ಎದುರು ಚುನಾವಣೆಗೆ ನಿಂತಿದ್ದವಳ ಗಂಡ ಬೆದರಿದ. ಒಂಬತ್ತು ಮನೆ ಅತ್ತ ಹೋಗಿದೆ ಅಂತ ಲೆಕ್ಕ ಹಾಕಿ, ಮೂರನೆಯವಳ ಮನೆ ಅಂತ ಯಾರೋ ತೋರಿಸಿದ ಮನೆಗೆ ತೆಂಗಿನಕಾಯಿ, ಎಲೆ ಅಡಿಕೆ ಹಿಡಿದುಕೊಂಡು ಹೋದ. ನಿಮ್ಮ ಸೊಸೆಗೆ ಸ್ವಲ್ಪ ಬುದ್ಧಿ ಹೇಳ್ರೀ ಅಂದ. ಆ ಮನೆಯ ಯಜಮಾನ ನಮ್ಮ ಸೊಸೆ ಅಲ್ಲ ಅನ್ನಬೇಕೋ ಬೇಡವೋ? ಕಾಯಿ ಒಳಗಿಟ್ಟು, ಚಹಾ ಕುಡಿಸಿ, "ಹೇಳ್ತೀನಿ ಬಿಡ್ರೀ, ಅಕಿ ಸ್ವಲ್ಪ ಹಟಮಾರಿ" ಅಂದನಂತೆ.

ಇದೆಲ್ಲ ಗಂಡಸರ ಕಥೆಯಾಯಿತು. ಹೆಂಗಸರು ಏನೂ ಅನ್ನಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ, ಕುರಿಮನೆಯ ಅಜ್ಜಿ ಬಸ್ಸಿನಿಂದ ಇಳಿದು ನನ್ನ ಅಂಗಡಿಗೆ ನುಗ್ಗಿದಳು. ಅವಳ ಹಿಂದೆ, ಅವತ್ತು ಚಹಾ, ಮಂಡಕ್ಕಿ ಕೊಟ್ಟು ಕಳಿಸಿದ್ದ ಹೆಂಗಸರೇ ಒಂದು ಹಿಂಡು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.

"ಯಾರ ಆ ಬಿನ್ನಾಣಗಿತ್ತೇರು?" ಅಜ್ಜಿ ಕೂರಲೂ ಇಲ್ಲ. "ನಮ್ಮ ಡೇರಿಗೆ ಒಂದು ದಿನ ಹಾಲು ಹಾಕ್ಯಾರೇನು? ಯಾವತ್ತೂ ನೋಡಿದ ಮಾರಿ ಅಲ್ಲ. ನಮ್ಮೂರ ಹುಡುಗಿಗೆ ಶುಭ ಕೋರಾಕ ಅವರ್ಯಾರು?"

"ನೀವು ಮುಖ ಕೊಡಲಿಲ್ಲ ಅಲ್ದಾ ಅಜ್ಜಿ. ಅವರು ಕೊಟ್ರು" ಅಂದೆ, ನಗು ತಡೆದುಕೊಂಡು.

"ಯಾರ ಪೈಕಿ, ಅದನ್ನ ಹೇಳು ಮೊದ್ಲು."

ಅವಳ ಕಣ್ಣಿನ ಮುಂದೆ ಸುಳ್ಳು ನಿಲ್ಲಲಿಲ್ಲ. ಕಂಪ್ಯೂಟರ್ ತಿರುಗಿಸಿ ಆ ವೆಬ್‌ಸೈಟನ್ನೇ ತೋರಿಸಿದೆ. ಒಂದು ಗುಂಡಿ ಒತ್ತಿದರೆ ಒಂದು ಮುಖ, ಮತ್ತೊಂದು ಒತ್ತಿದರೆ ಮತ್ತೊಂದು. ಇವರು ಎಲ್ಲೂ ಇಲ್ಲ, ಯಾರ ಪೈಕಿಯೂ ಅಲ್ಲ, ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಅಜ್ಜಿ ಪರದೆಯ ಮೇಲಿನ ಮುಖವನ್ನು ಬೆರಳಿನಿಂದ ತಿವಿದಳು.

"ಅಲ್ಲಬೇ, ಇರೋರು ಇಷ್ಟು ಮಂದಿ ಇದ್ದೇವಿ. ಇಲ್ಲದೋರಿಗೆ ನಮ್ಮ ಜಾಗ ಕೊಟ್ಟೀಯಾ?"

ನನಗೆ ಚುರುಕ್ ಅಂತು. ಆದರೂ ಬಾಯಿಗೆ ಬಂದದ್ದು ತರಲೆ ಮಾತು. "ಕೋಳಿ ಹತ್ತಿ ಕೂರ್ತದೆ ಅಂದ್ರಲ್ಲ?"

"ಕುಂದ್ರಲಿ ಬಿಡು. ನನ್ನ ಕೋಳಿ, ನನ್ನ ಮಾರಿ. ತಗಿ ಫೋಟೊ."

ಆಮೇಲೆ ಶುರುವಾಯಿತು ನೋಡಿ ಜಾತ್ರೆ. ನನ್ನ ಬಾಚಣಿಗೆ, ಪೌಡರ್ ಡಬ್ಬಿ ಎಲ್ಲ ಖಾಲಿ. ಒಬ್ಬಳಿಗೆ ಬೆಳ್ಳಗೆ ಕಾಣಬೇಕು, ಆದರೆ ಅತ್ತೆ ಗುರುತು ಹಿಡಿಯುವಷ್ಟು ಕಪ್ಪಗೂ ಇರಬೇಕು. ಅತ್ತೆಗೆ ಉರಿಯಲಿ ಅಂತ. ಇನ್ನೊಬ್ಬಳು ಆ ನಾಲ್ಕನೆಯವಳ ವಾಲೆ ತನಗೆ ಹಾಕಿಕೊಡು ಅಂದಳು. ಎರಡು ಕಿವಿಗೂ ಒಂದೇ ಥರ ಹಾಕುತ್ತೇನೆ ಅಂದರೆ ಬೇಡವಂತೆ, "ಅಕಿಗೆ ಹೆಂಗಿತ್ತೋ ಹಂಗ ಇರ್ಲಿ, ಅದ ಫ್ಯಾಸನ್ನು" ಅಂದಳು. ಅಜ್ಜಿಗೆ ನಾಲ್ಕು ಹಲ್ಲು ಹಾಕಿಕೊಡಲೇ ಅಂತ ಕೇಳಿದೆ. "ಇರೋದು ಎರಡು, ಎರಡ ಇರ್ಲಿ" ಅಂದು ಬಾಯಗಲಿಸಿ ತೋರಿಸಿದಳು.

ಹಳೆಯ ಫ್ಲೆಕ್ಸ್ ಇಳಿಯಿತು, ಹೊಸದು ಏರಿತು. ಸಾಲು ಒಂದು ಸಾಲದೆ ಎರಡಾಯಿತು. ನಾದಿನಿಯ ಗಂಡ ಬಂದು ಒಂದೊಂದೇ ಮುಖ ನೋಡಿದ. ಇಸ್ಪೀಟಿನ ಗೆಳೆಯರ ಹೆಂಡತಿಯರೂ ಅದರಲ್ಲಿದ್ದರು. ಅವತ್ತು ಕಟ್ಟೆಯ ಮೇಲೆ ಆಟ ನಡೆಯಲಿಲ್ಲ.

ನಾದಿನಿ ಗೆದ್ದಳು. ನಾನು ಕುಣಿದೇಬಿಟ್ಟೆ. ಆದರೆ ಗೆದ್ದ ಮೇಲೂ ಪೇಚಾಟ ತೀರಲಿಲ್ಲ. ಮೊದಲ ಮೀಟಿಂಗಿನ ದಿನ ಹಾರ ಹಾಕಲು ಅಂತ ನಾನು ಹೋಗಿದ್ದೆ. ನೋಡಿದರೆ ಪುಣ್ಯಾತ್ಮ ಹೊಸ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಡೇರಿಯ ಬಾಗಿಲಲ್ಲಿ ಇವಳಿಗಿಂತ ಮುಂದೆ ನಿಂತಿದ್ದಾನೆ. "ಇವತ್ತೊಂದಿನ ತೋರಿಸ್ಕೊಡ್ತೀನಿ, ಮುಂದಿನ ಸಲದಿಂದ ನೀನ" ಅನ್ನುತ್ತಿದ್ದಾನೆ. ನಾದಿನಿಯ ಮುಖ ಬಾಡಿತ್ತು. ಅಷ್ಟರಲ್ಲಿ ಫ್ಲೆಕ್ಸಿನ ಎರಡೂ ಸಾಲು ಓಣಿಯಿಂದ ನಡೆದುಕೊಂಡು ಬಂತು, ಮುಂದೆ ಕುರಿಮನೆಯ ಅಜ್ಜಿ.

ಕಾರ್ಯದರ್ಶಿ ಬೇರೆ ಊರಿನಿಂದ ಹೊಸದಾಗಿ ಬಂದವನು. ಗಾಬರಿಯಿಂದ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಎಲ್ರೂ ಒಳಗೆ ಬರಂಗಿಲ್ರೀ. ನಿರ್ದೇಶಕರು, ಇಲ್ಲಾಂದ್ರ ಅವ್ರ ಪೈಕಿ ಯಾರಾದ್ರೂ ಒಬ್ರು. ಅಷ್ಟ." ನಾದಿನಿಯ ಗಂಡ ಅಂಗಿ ಸರಿ ಮಾಡಿಕೊಂಡು ಹೊಸ್ತಿಲಿನ ಮೇಲೆ ಕಾಲಿಟ್ಟ. ಕಾರ್ಯದರ್ಶಿ ಅಜ್ಜಿಯ ಕಡೆ ತಿರುಗಿ ಕೇಳಿದ, "ನೀವೆಲ್ಲಾ ಯಾರ ಪೈಕಿ?"

ಅಜ್ಜಿ ಹಿಂದೆ ಮುಂದೆ ನೋಡಲಿಲ್ಲ. ನಾದಿನಿಯ ಭುಜದ ಮೇಲೆ ಕೈ ಇಟ್ಟಳು.

"ಇಕಿ ಪೈಕಿ."

ಎಪ್ಪತ್ತು ದಾಟಿದ ಆ ಅಜ್ಜಿ ಹುಟ್ಟಿದಾಗಿನಿಂದ ಇಂಥವನ ಮಗಳು, ಇಂಥವನ ಹೆಂಡತಿ, ಇಂಥವನ ತಾಯಿ ಅಂತಲೇ ಹೇಳಿಕೊಂಡು ಬಂದವಳು. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಅದನ್ನೇ ಅಂದರು, ಇಕಿ ಪೈಕಿ, ಇಕಿ ಪೈಕಿ. ಎರಡು ಥರದ ವಾಲೆಯವಳೂ ಅಂದಳು. ನಾನು ಕೈಯಲ್ಲಿದ್ದ ಹಾರ ಹಾಕುವುದನ್ನೇ ಮರೆತೆ.

ನಾದಿನಿ ಗಂಡನ ಪಕ್ಕದಿಂದ ಹಾದು ಒಳಗೆ ಹೋಗಿ ಕುರ್ಚಿ ಎಳೆದು ಕೂತಳು. ಅವನು ಕಾಲನ್ನು ಹೊಸ್ತಿಲಿನಿಂದ ಹಿಂದಕ್ಕೆ ತೆಗೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದ.

"ನಾನೇನ್ ಮಾಡ್ಲಿ ಈಗ?"

ಉತ್ತರ ಒಳಗಿನಿಂದ ಬಂತು. "ಎಮ್ಮಿ ಕರಿಯೋ ಹೊತ್ತಾತು ನೋಡ್ರಿ."